ಮನೆ ನಿಮ್ಮದು, ಅದರ ಕೆಳಗಿರೋ ಗ್ಯಾಸ್ ಯಾರದ್ದು?

[ದೃಶ್ಯ: ಪೆನ್ಸಿಲ್ವೇನಿಯದ ಹಸಿರು ಗುಡ್ಡ, ನಡುವೆ ಒಂದು ರಿಗ್]

ನಮಸ್ಕಾರ. ಪಿಟ್ಸ್‌ಬರ್ಗ್ ಹತ್ತಿರ ಮನೆ ತಗೊಂಡಿರೋ ನಮ್ಮ ವೀಕ್ಷಕರೊಬ್ಬರು ಒಂದು ಮೇಲ್ ಹಾಕಿದ್ರು. ಮೂಲ ಹಾಸನದ ಕಡೆಯವರು. "ಸಾರ್, ನಮ್ಮ ಮನೆ ಕೆಳಗಡೆ ಗ್ಯಾಸ್ ಕಂಪನಿಯವರು ಅಡ್ಡಡ್ಡ ಬೋರ್ ಕೊರೆದುಕೊಂಡು ಹೋಗಿದ್ದಾರಂತೆ. ನಮ್ಮನ್ನ ಯಾರೂ ಕೇಳಲಿಲ್ಲ, ಒಂದು ಡಾಲರ್ ಕೂಡ ಬಂದಿಲ್ಲ. ಹೀಗೂ ಉಂಟಾ?"

ಉಂಟು. ಹೇಗೆ ಅಂತ ಕೊನೇಲಿ ಹೇಳ್ತೀನಿ. ಹುಡುಕ್ತಾ ಹೋದಾಗ ನನಗೆ ಅದಕ್ಕಿಂತ ಮಜವಾದ ಕಥೆ ಸಿಕ್ತು.

ಬೇಸಿಕ್ಸ್ ಬೇಗ ಮುಗಿಸೋಣ. ಆ ಸೀಮೆಯ ದೊಡ್ಡ ಗ್ಯಾಸ್ ಕಂಪನಿ ಇಕ್ಯೂಟಿ. ಕೇಳಿದ್ರೆ ಶೇರು ಬ್ರೋಕರ್ ಆಫೀಸ್ ಇದ್ದ ಹಾಗಿದೆ, ಆದ್ರೆ ಅದು 'ಇಕ್ವಿಟಬಲ್ ಗ್ಯಾಸ್' ಅನ್ನೋ 1888ರ ಹೆಸರಿನ ಮೊಟಕು ರೂಪ. ಕೊರೆಯೋದು ಪೆನ್ಸಿಲ್ವೇನಿಯ, ವೆಸ್ಟ್ ವರ್ಜೀನಿಯ, ಒಹಾಯೊ ಸುತ್ತಲೇ. ಅಷ್ಟರಲ್ಲೇ ಅಮೆರಿಕದ ಅತಿ ದೊಡ್ಡ ಗ್ಯಾಸ್ ಉತ್ಪಾದಕರ ಸಾಲಿಗೆ ಸೇರಿದೆ.

ಅಲ್ಲಿ ನೆಲದಡಿ ಮಾರ್ಸೆಲಸ್ ಶೇಲ್ ಅನ್ನೋ ಕಪ್ಪು ಕಲ್ಲಿನ ಪದರ ಇದೆ. ಹೆಚ್ಚುಕಡಿಮೆ 39 ಕೋಟಿ ವರ್ಷದ ಹಿಂದಿನ ಸಮುದ್ರದ ಕೆಸರು. ಅದರೊಳಗೆ ಗ್ಯಾಸ್ ತುಂಬಿಕೊಂಡಿರೋ ಕೋಣೆಗಳಿವೆ, ಆದ್ರೆ ಕೋಣೆಗೆ ಬಾಗಿಲಿಲ್ಲ. ಹಾಗಾಗಿ ಒಂದು ಮೈಲಿಗೂ ಹೆಚ್ಚು ಕೆಳಗೆ ಕೊರೆದು, ಅಲ್ಲಿಂದ ಬೋರನ್ನ ಬಗ್ಗಿಸಿ, ಪದರದ ಒಳಗೇ ಇನ್ನೂ 10,000 ಅಡಿ ಅಡ್ಡಕ್ಕೆ ಹೋಗ್ತಾರೆ. ಆಮೇಲೆ ಕೋಟಿಗಟ್ಟಲೆ ಲೀಟರ್ ನೀರನ್ನ ಭಯಂಕರ ಒತ್ತಡದಲ್ಲಿ ನುಗ್ಗಿಸ್ತಾರೆ. ನೀರು ಬಾಗಿಲು ಒಡೆಯುತ್ತೆ. ಜೊತೆಗೆ ಹೋದ ಮರಳು, ನಾವು ಗಾಳಿಗೆ ಬಾಗಿಲು ಬಡಿಯದಿರಲಿ ಅಂತ ಸಂದಿಗೆ ಕಲ್ಲು ಇಡ್ತೀವಲ್ಲ, ಆ ಕೆಲಸ ಮಾಡುತ್ತೆ. ಮಾರ್ಸೆಲಸ್‌ನಲ್ಲಿ ಇದು ಗಿಟ್ಟುತ್ತೆ ಅಂತ ಗೊತ್ತಾಗಿದ್ದು 2004ರಲ್ಲಿ, ವಾಷಿಂಗ್ಟನ್ ಕೌಂಟಿಯ ಒಂದು ಬಾವಿಯಿಂದ. ಅದನ್ನ ಕೊರೆದಿದ್ದು ಬೇರೆ ಕಂಪನಿ, ರೇಂಜ್ ರಿಸೋರ್ಸಸ್.

ಸರಿ, ಗ್ಯಾಸ್ ಮೇಲೆ ಬಂತು. ಮುಂದೆ? ಎಣ್ಣೆಯಾದ್ರೆ ಡ್ರಮ್ಮಿಗೆ ತುಂಬಿ ಲಾರಿಗೆ ಹೇರಬಹುದು. ಗ್ಯಾಸಿಗೆ ಪೈಪ್ ಬೇಕು. ಪೈಪ್ ಇಲ್ಲದ ಗ್ಯಾಸ್ ಬಾವಿ ಅಂದ್ರೆ ಬಂಡಿದಾರಿ ಇಲ್ಲದ ಜಮೀನು. ಬೆಳೆ ಬಂಪರ್, ಆಚೆ ತರೋಕೆ ಪಕ್ಕದವನ ಕಾಲು ಹಿಡೀಬೇಕು.

[ದೃಶ್ಯ: ಹಳೇ ಬಂಗಲೆಯ ಕಪ್ಪುಬಿಳುಪು ಚಿತ್ರ]

ಈಗ ನನ್ನ ಫೇವರಿಟ್ ಭಾಗ. ಎಡಿಟರ್ ಕತ್ತರಿ ಹಿಡಿದು ಕೂತಿದ್ದಾನೆ, ಆದ್ರೂ ಬಿಡಲ್ಲ. ಪೈಪಿನ ಈ ತಲೆನೋವನ್ನ ಪಿಟ್ಸ್‌ಬರ್ಗ್‌ನಲ್ಲಿ ಮೊದಲು ಗಂಭೀರವಾಗಿ ತಲೆಗೆ ಹಚ್ಚಿಕೊಂಡವನು ಸಂಶೋಧಕ, ಉದ್ಯಮಿ ಜಾರ್ಜ್ ವೆಸ್ಟಿಂಗ್‌ಹೌಸ್. ಹೌದು, ಕರೆಂಟ್ ಕಥೆಯ ವೆಸ್ಟಿಂಗ್‌ಹೌಸೇ. ರೈಲಿನ ಏರ್ ಬ್ರೇಕಿಂದ ಆಗಲೇ ಶ್ರೀಮಂತ. ಮನೆಯ ಹೆಸರು 'ಸಾಲಿಟ್ಯೂಡ್', ಏಕಾಂತ. 1884ರಲ್ಲಿ ಈ ಪುಣ್ಯಾತ್ಮ ಬಂಗಲೆಯ ತೋಟದಲ್ಲೇ ಗ್ಯಾಸಿಗಾಗಿ ಬೋರ್ ಕೊರೆಸಿದ. ನಮ್ಮೂರಲ್ಲಿ ಅಂಗೈ ಮೇಲೆ ತೆಂಗಿನಕಾಯಿ ಇಟ್ಕೊಂಡು ಪಾಯಿಂಟ್ ನೋಡ್ತಾರೆ. ಇವನಿಗೆ ಅದೂ ಬೇಕಾಗಲಿಲ್ಲ, ಹಿತ್ತಲೇ ಪಾಯಿಂಟು. ಸುಮಾರು 1,500 ಅಡಿ. ಇವತ್ತು ಕೋಲಾರದಲ್ಲಿ ನೀರಿಗೆ ಅಷ್ಟು ಆಳ ಹೋಗ್ತಾರೆ, ಎಷ್ಟೋ ಸಲ ಧೂಳೇ ಬರುತ್ತೆ!

ಇವನಿಗೆ ರಾತ್ರೋರಾತ್ರಿ ಗ್ಯಾಸ್ ಚಿಮ್ಮಿತು. ಕೆಸರು, ಕಲ್ಲು ತೋಟದ ತುಂಬಾ. ಆ ಭೋರ್ಗರೆತಕ್ಕೆ ಅಕ್ಕಪಕ್ಕದವರ ನಿದ್ದೆ ಹಾರಿಹೋಯ್ತು. ಮನೆಯ ಹೆಸರು ಮಾತ್ರ ಏಕಾಂತ!

ಸಿಕ್ಕಿದ್ದಕ್ಕಿಂತ ಸಾಗಿಸಿದ್ದು ದೊಡ್ಡ ಸಾಹಸ. ಬಾವಿಯಿಂದ ಬರೋ ಒತ್ತಡವನ್ನ ಹಾಗೇ ಮನೆ ಒಲೆಗೆ ಬಿಟ್ರೆ ಮನೆಯೇ ಹಾರುತ್ತೆ. ಒತ್ತಡ ಕಡಿಮೆ ಇಟ್ರೆ ಗ್ಯಾಸ್ ಊರು ಮುಟ್ಟಲ್ಲ. ವೆಸ್ಟಿಂಗ್‌ಹೌಸ್ ಏನ್ ಮಾಡಿದ ಅಂದ್ರೆ, ಬಾವಿ ಕಡೆ ಸಣ್ಣ ಪೈಪ್ ಹಾಕಿ, ಊರು ಹತ್ತಿರ ಬಂದ ಹಾಗೆ ಪೈಪನ್ನ ಹಂತಹಂತವಾಗಿ ಅಗಲ ಮಾಡ್ತಾ ಹೋದ. ಜಾಗ ಸಿಕ್ಕ ಹಾಗೆ ಗ್ಯಾಸಿನ ಜೋರು ಇಳೀತು. ಸೋರಿಕೆಗೆ ಪೈಪಿನ ಸುತ್ತ ಇನ್ನೊಂದು ಪೈಪ್.

ದೂರಕ್ಕೆ ಜೋರಾಗಿ ಕಳಿಸು, ಮನೆ ಹತ್ತಿರ ಬಂದಾಗ ತಗ್ಗಿಸು. ಎಲ್ಲೋ ಕೇಳಿದ ಹಾಗಿದೆಯಲ್ವಾ? ನಿಮ್ಮ ಬೀದಿಯ ಟಿಸಿ ಮಾಡೋದೂ ಇದನ್ನೇ. ಎರಡು ವರ್ಷ ಆದ್ಮೇಲೆ, 1886ರಲ್ಲಿ, ಇದೇ ಮನುಷ್ಯ ಎಸಿ ಕರೆಂಟಿನ ಕಂಪನಿ ಕಟ್ಟಿದ. ಗ್ಯಾಸ್ ಪೈಪಿನ ಯೋಚನೆಯೇ ಟ್ರಾನ್ಸ್‌ಫಾರ್ಮರ್ ಕಡೆ ಎಳೀತು ಅಂತ ನಾನು ಆಣೆ ಮಾಡಲ್ಲ, ಆದ್ರೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ನನಗಂತೂ ರೋಮಾಂಚನ ಆಯ್ತು.

[ದೃಶ್ಯ: ಬೆಟ್ಟದ ಮೇಲೆ ಉದ್ದಕ್ಕೂ ಬಿದ್ದಿರೋ ಪೈಪುಗಳು]

ಎಂಟು ನಿಮಿಷ ಆಗೋಯ್ತು. ಬೇಗ ಬೇಗ ಹೇಳ್ತೀನಿ.

2018ರಲ್ಲಿ ಇಕ್ಯೂಟಿ ತನ್ನ ಪೈಪ್‌ಲೈನ್ ವ್ಯವಹಾರವನ್ನ 'ಇಕ್ವಿಟ್ರಾನ್ಸ್' ಅಂತ ಬೇರೆ ಮಾಡ್ತು. 2024ರಲ್ಲಿ ತನ್ನ ಶೇರು ಕೊಟ್ಟು ವಾಪಸ್ ಕೊಂಡ್ಕೊಂಡ್ತು. ಭಾಗ ಆದ ಅಣ್ಣತಮ್ಮಂದಿರು ಆರು ವರ್ಷಕ್ಕೆ "ದಾರಿ ನಿನ್ನ ಕಡೆ ಹೋಯ್ತಲ್ಲೋ" ಅಂತ ಮತ್ತೆ ಒಂದಾದ ಹಾಗೆ.

ಆ ನಡುವಿನ ವರ್ಷಗಳಲ್ಲಿ ನಡೆದಿದ್ದು ಇಕ್ವಿಟ್ರಾನ್ಸ್ ಕೈಹಾಕಿದ್ದ ಮೌಂಟನ್ ವ್ಯಾಲಿ ಪೈಪ್‌ಲೈನ್ ರಾಮಾಯಣ. ವೆಸ್ಟ್ ವರ್ಜೀನಿಯದಿಂದ ವರ್ಜೀನಿಯಕ್ಕೆ 303 ಮೈಲಿ, ಪೈಪಿನ ಅಗಲ 42 ಇಂಚು. 2018ಕ್ಕೇ ಮುಗೀಬೇಕಿತ್ತು, ಅಂದಾಜು 350 ಕೋಟಿ ಡಾಲರ್. ಕಡಿದಾದ ಬೆಟ್ಟ, ನೂರಾರು ಹಳ್ಳಕೊಳ್ಳ, ಕೋರ್ಟು. ಹೋರಾಟಗಾರರು ಮರದ ಮೇಲೆ ಅಟ್ಟಣೆ ಕಟ್ಕೊಂಡು ಸರದಿ ಮೇಲೆ 932 ದಿನ ಕೂತರು, ಮಳೆ ಚಳಿ ಎನ್ನದೆ. ಕೊನೆಗೆ 2023ರಲ್ಲಿ ಸಂಸತ್ತು ದೇಶದ ಸಾಲದ ಮಿತಿಯನ್ನ ತಾತ್ಕಾಲಿಕವಾಗಿ ತಡೆಹಿಡಿಯೋ ಕಾಯ್ದೆಯೊಳಗೇ ಇದನ್ನೂ ತುರುಕಿ ಪಾಸ್ ಮಾಡ್ತು. ಸಾಲಕ್ಕೂ ಪೈಪಿಗೂ ಏನು ಸಂಬಂಧ ಅಂತ ನನ್ನ ಕೇಳ್ಬೇಡಿ. ಜೂನ್ 2024ಕ್ಕೆ ಗ್ಯಾಸ್ ಹರೀತು, ಖರ್ಚು ಎರಡು ಪಟ್ಟು ದಾಟಿತ್ತು.

ಸೋರಿಕೆ: 2022ರ ನವೆಂಬರಲ್ಲಿ ಪೆನ್ಸಿಲ್ವೇನಿಯದ ರೇಗರ್ ಮೌಂಟನ್‌ನಲ್ಲಿ ಇಕ್ವಿಟ್ರಾನ್ಸ್‌ನ ಗ್ಯಾಸ್ ಸಂಗ್ರಹದ ಹಳೇ ಬಾವಿಯೊಂದು, ಕೇಸಿಂಗ್ ತುಕ್ಕು ಹಿಡಿದು, ಸುಮಾರು ಎರಡು ವಾರ ಸೋರ್ತು. ಈ ಗ್ಯಾಸಿನ ಬಹುಪಾಲು ಮೀಥೇನ್, ಅದು ಭೂಮಿ ಬಿಸಿ ಮಾಡೋದ್ರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಎಷ್ಟೋ ಪಟ್ಟು ಜೋರು. ಇದಕ್ಕೆ ಒಂದು ಪೂರ್ತಿ ವಿಡಿಯೋನೇ ಬೇಕು.

ನಮಗೇನು ನಂಟು? ಅಲ್ಲಿಂದ ಹೆಚ್ಚು ದೂರವಿಲ್ಲದ ಮೇರಿಲ್ಯಾಂಡ್‌ನ ಕೋವ್ ಪಾಯಿಂಟ್‌ನಿಂದ ವರ್ಷಕ್ಕೆ 23 ಲಕ್ಷ ಟನ್ ಎಲ್‌ಎನ್‌ಜಿ, ಅಂದ್ರೆ ತಣ್ಣಗೆ ಮಾಡಿ ದ್ರವವಾಗಿಸಿದ ಗ್ಯಾಸ್, ಪಡೆಯೋ ದೀರ್ಘಾವಧಿ ಒಪ್ಪಂದ ನಮ್ಮ ಸರ್ಕಾರಿ ಗ್ಯಾಸ್ ಕಂಪನಿ ಗೇಲ್‌ದು. ದಾಭೋಲ್‌ನಿಂದ ಬೆಂಗಳೂರಿಗೆ ಪೈಪ್ ಹಾಕಿರೋದೂ ಗೇಲೇ. ಎಲ್ಲಾ ಹಡಗೂ ಇಲ್ಲಿಗೇ ಬರಲ್ಲ, ಎಷ್ಟೋ ಸರಕು ಬೇರೆ ದೇಶಕ್ಕೆ ಮಾರಾಟವಾಗುತ್ತೆ.

ಈಗ ಹಾಸನದವರ ಪ್ರಶ್ನೆ. ನಮ್ಮಲ್ಲಿ ಎಣ್ಣೆ, ಗ್ಯಾಸ್ ತೆಗೆಯೋ ಹಕ್ಕು ಸರ್ಕಾರದ ಕೈಲಿದೆ. ಅಮೆರಿಕದಲ್ಲಿ ಅದು ಖಾಸಗಿ ಆಸ್ತಿ, ನೆಲದಿಂದ ಬೇರ್ಪಡಿಸಿ ಮಾರಬಹುದು. ನಿಮ್ಮ ಮನೆಯ ಜಾಗವನ್ನ ಹಿಂದೆ ಯಾರೋ ಮಾರುವಾಗ "ಮೇಲಿನದು ನಿನಗೆ, ಕೆಳಗಿನದು ನನಗೇ ಇರಲಿ" ಅಂತ ಬರೆಸಿಕೊಂಡಿರಬಹುದು. ಹಾಗಿದ್ರೆ ಗುತ್ತಿಗೆ ಹಣ, ರಾಯಲ್ಟಿ (ತೆಗೆದ ಗ್ಯಾಸಿನಲ್ಲಿ ಮಾಲೀಕರ ಪಾಲು) ಎಲ್ಲಾ ಅವರ ವಂಶಕ್ಕೆ. ಪೆನ್ಸಿಲ್ವೇನಿಯದಲ್ಲಿ ಕನಿಷ್ಠ ಎಂಟರಲ್ಲಿ ಒಂದು ಪಾಲು ಕೊಡಬೇಕು ಅಂತ ಕಾನೂನಿದೆ. ಆದ್ರೆ ಸಾಗಾಟದಂಥ ಖರ್ಚನ್ನ ಆ ಪಾಲಿನಿಂದ ಹಿಡ್ಕೋಬಹುದು ಅಂತ 2010ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳ್ತು. ಅಲ್ಲೂ ಪೈಪಿನದೇ ಕಾಟ.

ನಿಮ್ಮ ಕ್ರಯಪತ್ರ ತೆಗೀರಿ ಸಾರ್. ಆ ಕಡೆಯ ಪತ್ರಗಳಲ್ಲಿ ದೊಡ್ಡಕ್ಷರದಲ್ಲಿ ಒಂದು ಎಚ್ಚರಿಕೆ ಇರುತ್ತೆ, ಕೆಳಗಿನ ಕಲ್ಲಿದ್ದಲು ಈ ಮಾರಾಟಕ್ಕೆ ಸೇರಿಲ್ಲದೆ ಇರಬಹುದು ಅಂತ. ಗ್ಯಾಸ್ ಬಗ್ಗೆಯೂ ಅಂಥ ಸಾಲು ಇದೆಯಾ ನೋಡಿ, ಇದ್ರೆ ಫೋಟೋ ಕಳಿಸಿ.