400 ಜನರನ್ನ ಕೇಳಿ ಕೋಟಿ ಜನರ ಮನಸ್ಸು ತಿಳ್ಕೊಳೋದು ಹೇಗೆ?

ನಮಸ್ಕಾರ ಎಲ್ರಿಗೂ. ಒಂದು ಮಹಾನಗರ ಅನ್ಕೊಳಿ, ಕೋಟಿ ಜನ, ಹತ್ತಾರು ಭಾಷೆ, ದಿನಾ ಹೊಸಬರು ಬಂದು ಸೇರ್ತಾನೇ ಇದಾರೆ. ಅಲ್ಲೊಂದು ಹೊಸ ಪ್ರಾಡಕ್ಟ್ ಬಿಡ್ಬೇಕು, ಎಷ್ಟು ಜನರನ್ನ ಕೇಳ್ಬೇಕು? ಲಕ್ಷಗಟ್ಟಲೆ ಬೇಡ ರೀ, ಸರಿಯಾಗಿ ಆರಿಸಿದ್ರೆ 400 ಜನ ಸಾಕು, 5 ಪರ್ಸೆಂಟ್ ಆಚೆ ಈಚೆ ಉತ್ತರ ಸಿಗುತ್ತೆ, 1000 ಜನ ಆದ್ರೆ 3 ಪರ್ಸೆಂಟ್. ಊರಲ್ಲಿ ಹತ್ತು ಲಕ್ಷ ಇರ್ಲಿ ಕೋಟಿ ಇರ್ಲಿ, ಲೆಕ್ಕ ಹೆಚ್ಚುಕಮ್ಮಿ ಅದೇ.

ಸರಿಯಾಗಿ ಆರಿಸಿದ್ರೆ ಅಂದ್ನಲ್ಲ, ಎಡವಟ್ಟಾಗೋದೇ ಅಲ್ಲಿ.

[ಸ್ಕ್ರೀನ್ ಮೇಲೆ: 1936]

ಅಮೆರಿಕಾದ ಲಿಟರರಿ ಡೈಜೆಸ್ಟ್ ಪತ್ರಿಕೆ ಅಧ್ಯಕ್ಷರ ಚುನಾವಣೇಲಿ ಯಾರಿಗೆ ಓಟು ಅಂತ ಕೇಳಿ ಸುಮಾರು ಒಂದು ಕೋಟಿ ಜನಕ್ಕೆ ಕಾರ್ಡ್ ಕಳಿಸ್ತು, 20 ಲಕ್ಷಕ್ಕೂ ಜಾಸ್ತಿ ಉತ್ತರ ಬಂತು, ಲ್ಯಾಂಡನ್ ಗೆಲ್ತಾರೆ ಅಂತ ಬರೆದೇ ಬಿಟ್ರು. ಗೆದ್ದಿದ್ದು ರೂಸ್‌ವೆಲ್ಟ್, 48 ರಾಜ್ಯದಲ್ಲಿ 46! ಪತ್ರಿಕೆಯವರು ಹೆಸರು ತೆಗ್ದಿದ್ದು ಫೋನ್ ಡೈರೆಕ್ಟರಿ, ಕಾರ್ ಇರೋರ ಲಿಸ್ಟ್ ಇಂಥವುಗಳಿಂದ, ಆಗ ಫೋನು ಕಾರು ಯಾರ ಹತ್ರ ಇರ್ತಿತ್ತು ಹೇಳಿ? ಅದೂ ಸಾಲ್ದು ಅಂತ, ಕಾರ್ಡಿಗೆ ಉತ್ತರ ಬರೆದೋರು ಕೂಡ ಒಂದೇ ಥರದ ಜನ.

ಬೆಳೀತಿರೋ ಊರಲ್ಲಿ ಇದೇ ತಪ್ಪು ಬೇರೆ ವೇಷದಲ್ಲಿ ಬರುತ್ತೆ. ನಿಮ್ಮ ಹತ್ರ ಇರೋ ಲಿಸ್ಟ್ ಹಳೇದು, ಹೋದ ವರ್ಷ ಬಂದು ಬಾಡಿಗೆಗೆ ಸೇರಿದವ್ರು ಅದ್ರಲ್ಲಿಲ್ಲ, ಆದ್ರೆ ಹೊಸ ಸಂಸಾರ ಹೂಡಿ ಮಂಚದಿಂದ ಬಕೆಟ್‌ವರೆಗೂ ಎಲ್ಲಾ ಕೊಳ್ತಿರೋರು ಅವ್ರೇ! ಇನ್ನು ಮನೆಮನೆಗೆ ಹೋದ್ರೆ, ಹಗಲು ಹೊತ್ತು ಸಿಗೋದು ಮನೇಲಿರೋರು ಮಾತ್ರ, ದೊಡ್ಡ ಅಪಾರ್ಟ್‌ಮೆಂಟ್ ಆದ್ರೆ ಸೆಕ್ಯೂರಿಟಿಯವ್ರು ಗೇಟೇ ದಾಟಕ್ಕೆ ಬಿಡಲ್ಲ. ಬಾಗಿಲು ತೆಗ್ದವ್ರನ್ನೇ ಕೇಳ್ಬಾರ್ದು ಅಂತ ಒಂದು ಉಪಾಯ ಇದೆ, ಮನೇಲಿ ಮುಂದಿನ ಬರ್ತ್‌ಡೇ ಯಾರದ್ದೋ ಅವ್ರನ್ನ ಕೇಳೋದು.

ಭಾಷೆದೂ ಒಂದು ತಲೆನೋವು. ಪ್ರಶ್ನೆನ ಅನುವಾದ ಮಾಡಿಸಿ, ಆಮೇಲೆ ಮೂಲ ನೋಡಿರದ ಇನ್ನೊಬ್ರ ಹತ್ರ ವಾಪಸ್ ಮೂಲ ಭಾಷೆಗೆ ಮಾಡಿಸಿ, ಅರ್ಥ ಎಲ್ಲಿ ಜಾರಿದೆ ಅಂತ ಆಗ ಕಾಣುತ್ತೆ.

ಕೊನೇದಾಗಿ, ಆ 400ರಲ್ಲಿ ಹೊಸಬರು 40 ಜನ ಸಿಕ್ರು ಅನ್ಕೊಳಿ, ಅವ್ರ ಬಗ್ಗೆ ಮಾತ್ರ ಹೇಳೋಕೆ ಹೋದ್ರೆ ಆ 5 ಪರ್ಸೆಂಟ್ 15ಕ್ಕೆ ಏರುತ್ತೆ, ಹೆಚ್ಚುಕಮ್ಮಿ ಗಾಳೀಲಿ ಗುಂಡು. ಅದಕ್ಕೇ ಅಂಥ ಗುಂಪಿಂದ ಬೇಕಂತಲೇ 200 ಜನರನ್ನ ತಗೊಳ್ಳಿ, ಇಡೀ ಊರಿನ ಲೆಕ್ಕ ಹಾಕುವಾಗ ಮಾತ್ರ ಅವ್ರ ತೂಕ ಇಳಿಸಿ, ಅಂದ್ರೆ ಊರಲ್ಲಿ ಅವ್ರ ಪಾಲು ಎಷ್ಟಿದೆಯೋ ಅವ್ರ ಉತ್ತರಕ್ಕೂ ಅಷ್ಟೇ ಬೆಲೆ ಕೊಡಿ.