ಸಂಪು ತುಂಬುವ ಲೆಕ್ಕ

ಕೇಳುಗರಿಗೆ ನಮಸ್ಕಾರ.

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುವಾರ ನಮ್ಮ ಬೀದಿಯ ತಾಯಿಯೊಬ್ಬರು ಮಗನನ್ನು ಕರೆದುಕೊಂಡು ಮನೆಗೆ ಬಂದರು. ಮೂವತ್ತು ವರ್ಷ ಕಾರ್ಖಾನೆಗಳಲ್ಲಿ ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್ ಆಗಿದ್ದವನು ನಾನು. ಈಗ ಸಂಜೆ ಹೊತ್ತು ನಾಲ್ಕು ಹುಡುಗರಿಗೆ ಪಾಠ ಹೇಳುತ್ತೇನೆ, ಹಾಗಾಗಿ ಬೀದಿಗೆಲ್ಲ ಮೇಷ್ಟ್ರು. "ಮೇಷ್ಟ್ರೇ, ಇವನನ್ನು ಕಂಪ್ಯೂಟರಿಗೆ ಸೇರಿಸಲೋ, ಕೆಮಿಕಲ್ಲಿಗೆ ಸೇರಿಸಲೋ?" ಎಂದು ಆಕೆ ಕೇಳಿದರು. ಕಂಪ್ಯೂಟರ್ ಎಂದಾಗ ಅವರ ಕಣ್ಣ ಮುಂದೆ ಗಾಜಿನ ಕಟ್ಟಡ, ಕೆಮಿಕಲ್ ಎಂದಾಗ ಪೀಣ್ಯದ ಯಾವುದೋ ಶೆಡ್ಡಿನ ಹಿಂದಿನ ಮೋರಿ. ಅದು ಅವರ ದನಿಯಲ್ಲೇ ತಿಳಿಯುತ್ತಿತ್ತು.

ನಾನು ಹುಡುಗನನ್ನು ಕೇಳಿದೆ: "ಕಾವೇರಿ ನೀರು ಬಂದಾಗ ನಿಮ್ಮ ಮನೆಯ ಸಂಪು ತುಂಬಿತೋ ಇಲ್ಲವೋ ಹೇಗೆ ತಿಳಿಯುತ್ತೀಯ?"

"ದೀಪ ಹತ್ತುತ್ತದೆ ಸರ್. ಆದರೆ ಅದು ಎರಡು ಸಲ ಕೈಕೊಟ್ಟಿದೆ. ಅದಕ್ಕೆ ಮುಚ್ಚಳ ತೆಗೆದು ನೋಡುತ್ತೇನೆ."

ಈ ಉತ್ತರ ಕೇಳಿದಾಗ ನನಗೆ ಅಮೆರಿಕದ ಟೆಕ್ಸಸ್ ಸಿಟಿ ನೆನಪಾಯಿತು. 2005ರ ಮಾರ್ಚ್ 23ರಂದು ಅಲ್ಲಿನ ತೈಲ ಸಂಸ್ಕರಣಾಗಾರದಲ್ಲಿ ಸ್ಫೋಟವಾಗಿ 15 ಮಂದಿ ಸತ್ತರು, ಸುಮಾರು 180 ಮಂದಿ ಗಾಯಗೊಂಡರು. ಸುಮಾರು 170 ಅಡಿ ಎತ್ತರದ ಗೋಪುರವೊಂದಕ್ಕೆ ಬೆಳಗಿನಿಂದ ದ್ರವ ತುಂಬುತ್ತಿದ್ದರು. ಹೊರಹೋಗುವ ವಾಲ್ವ್ ಮುಚ್ಚಿತ್ತು. ಮಟ್ಟ ಅಳೆಯುವ ಉಪಕರಣಕ್ಕೆ ಕಾಣಿಸುತ್ತಿದ್ದದ್ದು ತಳದ ಕೆಲವೇ ಅಡಿ. ದ್ರವ 150 ಅಡಿ ದಾಟಿದಾಗಲೂ ಪರದೆಯ ಮೇಲಿನ ಅಂಕಿ ಮಟ್ಟ ನಿಧಾನವಾಗಿ ಇಳಿಯುತ್ತಿದೆ ಎನ್ನುತ್ತಿತ್ತು!

ಇಳಿಯುವುದೇಕೆ? ಆ ಉಪಕರಣದಲ್ಲಿ ದ್ರವದೊಳಗೆ ಮುಳುಗುವ ಒಂದು ತೂಕವಿರುತ್ತದೆ. ದ್ರವ ಅದನ್ನು ಎಷ್ಟು ಮೇಲೆತ್ತುತ್ತದೆ ಎಂಬುದರ ಮೇಲೆ ಮಟ್ಟದ ಲೆಕ್ಕ. ತೂಕ ಪೂರ್ತಿ ಮುಳುಗಿದ ಮೇಲೆ ಮಟ್ಟ ಎಷ್ಟೇ ಏರಿದರೂ ಅದಕ್ಕೆ ಗೊತ್ತಾಗುವುದಿಲ್ಲ. ಆದರೆ ಅಂದು ದ್ರವವನ್ನು ಕಾಯಿಸುತ್ತಿದ್ದರು. ಕಾದ ದ್ರವದ ಸಾಂದ್ರತೆ ಕಡಿಮೆಯಾಯಿತು, ಎತ್ತುವ ಬಲವೂ ಕುಗ್ಗಿತು, ಉಪಕರಣ ಅದನ್ನೇ ಮಟ್ಟ ಇಳಿಯಿತೆಂದು ವರದಿ ಮಾಡಿತು. ಇದು ಭೌತ, ರಸಾಯನದ ಪಾಠ. ಇನ್ನು ಕಂಪ್ಯೂಟರಿನ ಪಾಲಿನ ತಪ್ಪು: ಒಳಹರಿವು ಒಂದು ಪರದೆಯಲ್ಲಿ, ಹೊರಹರಿವು ಇನ್ನೊಂದು ಪರದೆಯಲ್ಲಿ. ಎರಡನ್ನೂ ಪಕ್ಕಪಕ್ಕ ಇಟ್ಟಿದ್ದರೆ, ಸಂಪು ತುಂಬಿಸಿ ಅಭ್ಯಾಸವಿರುವ ಯಾರಾದರೂ ಕೇಳುತ್ತಿದ್ದರು: ನೀರು ಬರುತ್ತಲೇ ಇದೆ, ಹೋಗುತ್ತಿಲ್ಲ, ಮತ್ತೆ ಮಟ್ಟ ಇಳಿಯುವುದೆಂದರೇನು?

ಆ ಊರಿನಲ್ಲೇ ಕಾಲೇಜ್ ಆಫ್ ದಿ ಮೇನ್‌ಲ್ಯಾಂಡ್ ಎಂಬ ಸಮುದಾಯ ಕಾಲೇಜು ಇದೆ. ಪ್ರೋಸೆಸ್ ಟೆಕ್ನಾಲಜಿ, ಅಂದರೆ ಇಂಥ ಸ್ಥಾವರಗಳನ್ನು ನಡೆಸುವ ಕೆಲಸದ ಕೋರ್ಸನ್ನು ಅಲ್ಲಿ ಕಲಿಸುತ್ತಾರೆ. ಅಮೆರಿಕದಲ್ಲಿ ಸಮುದಾಯ ಕಾಲೇಜು ಹೊಸದೇನಲ್ಲ, ಜೋಲಿಯೆಟ್ ಎಂಬಲ್ಲಿ 1901ರಲ್ಲೇ ಮೊದಲನೆಯದು ಆರಂಭವಾಯಿತು. ಸುತ್ತಲಿನ ಕಾರ್ಖಾನೆಗೆ ಏನು ಬೇಕೋ ಅದನ್ನು ಎರಡು ವರ್ಷದಲ್ಲಿ ಕಲಿಸುವುದು ಅವುಗಳ ಜಾಡು. ನಮ್ಮಲ್ಲಿ ಆ ಕೆಲಸವನ್ನು ಬಹುಮಟ್ಟಿಗೆ ಐಟಿಐ ಮತ್ತು ಪಾಲಿಟೆಕ್ನಿಕ್‌ಗಳು ಮಾಡುತ್ತಿವೆ. ಅಟೆಂಡೆಂಟ್ ಆಪರೇಟರ್, ಕೆಮಿಕಲ್ ಪ್ಲಾಂಟ್ ಎಂಬುದು ಎರಡು ವರ್ಷದ ಐಟಿಐ ಟ್ರೇಡ್. ಕಂಪ್ಯೂಟರಿನದು ಕೋಪಾ, ಅಂದರೆ ಕಂಪ್ಯೂಟರ್ ಆಪರೇಟರ್ ಮತ್ತು ಪ್ರೋಗ್ರಾಮಿಂಗ್ ಅಸಿಸ್ಟೆಂಟ್, ಒಂದು ವರ್ಷ. ಡಿಪ್ಲೊಮಾ ಆದರೆ ಮೂರು ವರ್ಷ, ಮುಗಿಸಿದವರು ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ನೇರವಾಗಿ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಹೋಗಬಹುದು. ಹೆಸರುಗಳ ವಿಷಯ ಇಷ್ಟು ಸಾಕು.

ನನ್ನ ತಕರಾರು ಇರುವುದು ನಡುವಿನ ಗೋಡೆಯ ಬಗ್ಗೆ. ಕೆಮಿಕಲ್ ಹುಡುಗ ಪ್ರೋಗ್ರಾಮ್ ಮುಟ್ಟುವುದಿಲ್ಲ, ಕಂಪ್ಯೂಟರ್ ಹುಡುಗಿ ವಾಲ್ವ್ ಮುಟ್ಟುವುದಿಲ್ಲ. ಇಬ್ಬರೂ ಕುಡಿಯುವ ಹಾಲನ್ನೇ ನೋಡಿ. ಡೇರಿಯಲ್ಲಿ ಹಾಲನ್ನು 72 ಡಿಗ್ರಿಗೆ ಕಾಯಿಸಿ 15 ಸೆಕೆಂಡು ಅದೇ ಬಿಸಿಯಲ್ಲಿ ಹಿಡಿದಿಡುತ್ತಾರೆ. ಬಿಸಿ ಅದಕ್ಕಿಂತ ಕೆಳಗಿಳಿದರೆ ಒಂದು ವಾಲ್ವ್ ತಾನಾಗಿಯೇ ತಿರುಗಿ ಹಾಲನ್ನು ಮತ್ತೆ ಕಾಯಿಸುವುದಕ್ಕೆ ವಾಪಸ್ ಕಳಿಸುತ್ತದೆ. ಆ ತೀರ್ಮಾನ ಮಾಡುವುದು ಕಂಪ್ಯೂಟರು. ಅದಕ್ಕೆ ಬಿಸಿಯ ಸುದ್ದಿ ಮುಟ್ಟಿಸುವುದು ಒಂದು ತಂತಿ.

ಆ ತಂತಿಯ ಬಗ್ಗೆ ಎರಡು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಕಾರ್ಖಾನೆಯ ಅಳತೆಗಳು ಸಾಮಾನ್ಯವಾಗಿ 4ರಿಂದ 20 ಮಿಲಿಆಂಪಿಯರ್ ವಿದ್ಯುತ್ತಾಗಿ ಬರುತ್ತವೆ. ಸೊನ್ನೆಯಿಂದ ಏಕಲ್ಲ? ತರಗತಿಯಲ್ಲಿ ಹಾಜರಿ ಕೂಗುವಾಗ ಮೆಲ್ಲಗೆ "ಸರ್" ಎನ್ನುವ ಹುಡುಗನಿಗೂ ಬಾರದೇ ಇರುವ ಹುಡುಗನಿಗೂ ವ್ಯತ್ಯಾಸವಿದೆಯಲ್ಲ, ಅದಕ್ಕೆ. 4 ಬಂದರೆ ಅಳತೆಯ ತಳಮಟ್ಟದಲ್ಲಿದ್ದೇನೆ ಎಂದರ್ಥ. ಸೊನ್ನೆ ಬಂದರೆ ತಂತಿಯೇ ತುಂಡಾಗಿದೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಹೆಸರು ಬೇಡ, ಒಂದು ಕಾರ್ಖಾನೆಯ ರಾತ್ರಿ ಪಾಳಿಯಲ್ಲಿ ಉಷ್ಣತೆಯ ಅಂಕಿ ನಾಲ್ಕು ಗಂಟೆ ಕಾಲ ಒಂದಿಷ್ಟೂ ಕದಲಲಿಲ್ಲ. ಎಷ್ಟು ಚೆನ್ನಾಗಿ ನಡೆಯುತ್ತಿದೆ ಎಂದು ನಾನು ಹಿಗ್ಗಿದೆ. ಹಿರಿಯ ಆಪರೇಟರು ಬಂದವರೇ, "ಬದುಕಿರುವ ಅಂಕಿ ಸುಮ್ಮನೆ ಕೂರುವುದಿಲ್ಲ ಕಣಯ್ಯಾ" ಎಂದು ಟಾರ್ಚ್ ಹಿಡಿದು ಹೊರಟರು. ಉಪಕರಣ ಸಂಜೆಯೇ ಕೆಟ್ಟಿತ್ತು. ಪರದೆಯ ಮೇಲಿದ್ದದ್ದು ಅದರ ಕೊನೆಯ ಮಾತು.

ಇದನ್ನೆಲ್ಲ ಸಿಮ್ಯುಲೇಟರಿನಲ್ಲಿ, ಅಂದರೆ ಕಾರ್ಖಾನೆಯನ್ನು ಅನುಕರಿಸುವ ಕಂಪ್ಯೂಟರಿನಲ್ಲಿ, ಕಲಿಸಬಹುದು ಎನ್ನುತ್ತಾರೆ. ಸ್ವಲ್ಪ ಕಲಿಸಬಹುದು. ಆದರೆ ಪಂಪಿನ ಬಾಯಿಗೆ ಸಾಕಷ್ಟು ದ್ರವ ಸಿಗದೇ ಹೋದಾಗ ಒಳಗೆ ಜಲ್ಲಿಕಲ್ಲು ಸುರಿದಂಥ ಸದ್ದು ಬರುತ್ತದೆ. ಅದನ್ನು ಕಿವಿಯಾರೆ ಒಮ್ಮೆ ಕೇಳಿದವನು ಸಾಯುವವರೆಗೆ ಮರೆಯುವುದಿಲ್ಲ. ಆದ್ದರಿಂದ ಪ್ರವೇಶಕ್ಕೆ ಹೋಗುವ ತಂದೆತಾಯಿಯರು ಕಂಪ್ಯೂಟರ್ ಲ್ಯಾಬು ನೋಡಿ ಬಂದರೆ ಸಾಲದು, ವರ್ಕ್‌ಶಾಪಿನ ನೆಲ ನೋಡಿ. ಎಣ್ಣೆಯ ಕಲೆ ಇದ್ದರೆ ಒಳ್ಳೆಯದು. ಪಂಪುಗಳು ಕೊಂಡಾಗಿನ ಬಣ್ಣದಲ್ಲೇ ಹೊಳೆಯುತ್ತಿದ್ದರೆ ಅನುಮಾನಿಸಿ.

ಕಂಪ್ಯೂಟರನ್ನೇ ಆರಿಸಿಕೊಂಡರೂ ಈ ಪಾಠ ವ್ಯರ್ಥವಲ್ಲ. ಇಡೀ ಸ್ಥಾವರವನ್ನು ಪರದೆಯಿಂದ ನಡೆಸುವ ನಿಯಂತ್ರಣ ವ್ಯವಸ್ಥೆಯನ್ನು 1975ರಲ್ಲಿ ಮಾರುಕಟ್ಟೆಗೆ ತಂದ ಮೊದಲಿಗರಲ್ಲಿ ಜಪಾನಿನ ಯೊಕೊಗಾವಾ ಒಂದು. ಅದರ ಭಾರತದ ಕಂಪನಿ ಇರುವುದು ನಮ್ಮ ಎಲೆಕ್ಟ್ರಾನಿಕ್ ಸಿಟಿಯಲ್ಲೇ. ಯಾವುದೋ ದೂರದ ಸಂಸ್ಕರಣಾಗಾರದ ಪರದೆಯಲ್ಲಿ ಒಳಹರಿವಿನ ಪಕ್ಕ ಹೊರಹರಿವು ಇರಬೇಕೋ ಬೇಡವೋ ಎಂದು ಯೋಚಿಸುವ ಕೆಲಸ ನಾಳೆ ನಮ್ಮ ಬೀದಿಯ ಮಕ್ಕಳ ಪಾಲಿಗೆ ಬರಬಹುದು.

ಇಷ್ಟನ್ನೂ ಆ ತಾಯಿಗೆ ಹೇಳಿದೆ. ಆಕೆ ಮೌನವಾಗಿ ಕೇಳಿಸಿಕೊಂಡರು. ಆಮೇಲೆ ಕೇಳಿದ್ದು ಒಂದೇ: "ರಾತ್ರಿ ಪಾಳಿ ಇರುತ್ತದೆಯೇ ಮೇಷ್ಟ್ರೇ?"

ಇರುತ್ತದೆ ತಾಯಿ, ಸುಳ್ಳು ಹೇಳುವುದಿಲ್ಲ ಎಂದೆ.

"ಇರಲಿ ಬಿಡಿ. ಇವರಪ್ಪ ಬಸ್ ಕಂಡಕ್ಟರು, ವಾರಕ್ಕೆ ಮೂರು ದಿನ ನೈಟ್ ಹಾಲ್ಟು. ಊಟ ಕಟ್ಟಿಕೊಡುವುದು ನನಗೆ ಅಭ್ಯಾಸವಾಗಿದೆ" ಎಂದು ಮಗನ ಅಂಕಪಟ್ಟಿಯನ್ನು ಚೀಲಕ್ಕೆ ಹಾಕಿಕೊಂಡು ಎದ್ದರು.

ನಮಸ್ಕಾರ.