ಅಣ್ಣಂದಿರು ಬಿಟ್ಟ ಕುಣಿತ, ತಮ್ಮಂದಿರು ಎತ್ತಿಕೊಂಡ ಕುಣಿತ

ಎಲ್ಲರಿಗೂ ನಮಸ್ಕಾರ. ನೇರವಾಗಿ ವಿಷಯಕ್ಕೇ ಬರುತ್ತೇನೆ.

ಬ್ರೇಕ್ ಡ್ಯಾನ್ಸ್ ಅಂದ ಕೂಡಲೇ ನಮ್ಮಲ್ಲಿ ಜಾಸ್ತಿ ಜನಕ್ಕೆ ನೆನಪಾಗುವುದು ಮೈಕೆಲ್ ಜಾಕ್ಸನ್, ಆಮೇಲೆ ನಮ್ಮ ಮೈಸೂರಿನಲ್ಲೇ ಹುಟ್ಟಿದ ಪ್ರಭುದೇವ. ಮೈಯಲ್ಲಿ ಮೂಳೆಯೇ ಇಲ್ಲವೇನೋ ಅನ್ನುವ ಹಾಗೆ ಅಲೆ ಹರಿಸುವುದು, ರೋಬೋಟ್ ಥರ ತಡೆದು ತಡೆದು ಚಲಿಸುವುದು. ಅದರ ಬೇರು ಬಹುಮಟ್ಟಿಗೆ ಕ್ಯಾಲಿಫೋರ್ನಿಯಾದ ಹುಡುಗರು ಕಟ್ಟಿದ ಪಾಪಿಂಗ್ ಶೈಲಿಯಲ್ಲಿದೆ. ನಾನು ಹೇಳಲು ಬಂದಿರುವುದು ಅಮೆರಿಕದ ಇನ್ನೊಂದು ತುದಿಯಲ್ಲಿ, ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಹುಟ್ಟಿದ, ನೆಲಕ್ಕಿಳಿದು ಕುಣಿಯುವ ಬ್ರೇಕಿಂಗ್ ಬಗ್ಗೆ. ಇದನ್ನು ಯಾವ ಗುರುವೂ ಕಲಿಸಲಿಲ್ಲ, ಯಾವ ಶಾಲೆಯೂ ಕಟ್ಟಲಿಲ್ಲ. ಹನ್ನೆರಡು, ಹದಿನಾಲ್ಕು, ಹದಿನಾರು ವಯಸ್ಸಿನವರು ತಮ್ಮತಮ್ಮಲ್ಲೇ ಮಾಡಿಕೊಂಡ ಕಟ್ಟಳೆಗಳು, ಅವರ ಜಿದ್ದು, ಅವರ ನಾಚಿಕೆ, ಅವರ ಸೊಕ್ಕು, ಇವೇ ಇದರ ಒಂದೊಂದು ವರಸೆಯನ್ನೂ ರೂಪಿಸಿದವು.

ಎಪ್ಪತ್ತರ ದಶಕದ ದಕ್ಷಿಣ ಬ್ರಾಂಕ್ಸ್ ಹೇಗಿತ್ತು ಅಂತ ಸ್ವಲ್ಪ ಹೇಳಲೇಬೇಕು. ಕ್ರಾಸ್ ಬ್ರಾಂಕ್ಸ್ ಎಕ್ಸ್‌ಪ್ರೆಸ್‌ವೇ ಅನ್ನುವ ಹೆದ್ದಾರಿಯನ್ನು ಜನವಸತಿಯ ನಡುವೆಯೇ ಸೀಳಿಕೊಂಡು ಹೋಗಿದ್ದರು, ಸಾವಿರಾರು ಮನೆಯವರು ಎತ್ತಂಗಡಿಯಾದರು. ಉಳಿದ ಕಟ್ಟಡಗಳಿಗೆ ವಿಮೆ ಹಣಕ್ಕಾಗಿ ಮಾಲೀಕರೇ ಬೆಂಕಿ ಹಚ್ಚಿಸಿದ ಪ್ರಸಂಗಗಳೂ ಇದ್ದವು. 1975ರಲ್ಲಿ ನಗರವೇ ದಿವಾಳಿಯ ಅಂಚಿಗೆ ಬಂದಾಗ ಸಾವಿರಾರು ಶಿಕ್ಷಕರ ಕೆಲಸ ಹೋಯಿತು, ಶಾಲೆಗಳಲ್ಲಿ ಸಂಗೀತದ ಪಾಠಕ್ಕೂ ಕತ್ತರಿ ಬಿತ್ತು. ಹುಡುಗರ ಪಾಲಿಗೆ ಉಳಿದದ್ದು ಬೀದಿ, ಮತ್ತು ಬೀದಿಯ ಗ್ಯಾಂಗುಗಳು. 1971ರ ಡಿಸೆಂಬರ್‌ನಲ್ಲಿ ಹೋ ಅವೆನ್ಯೂನಲ್ಲಿ ಆ ಗ್ಯಾಂಗುಗಳೇ ಕೂತು ರಾಜಿ ಮಾಡಿಕೊಂಡವು. ಅಲ್ಲಿಗೆ ಹೊಡೆದಾಟ ಪೂರ್ತಿ ನಿಂತಿತು ಅಂತಲ್ಲ. ಆದರೆ ಒಂದು ಬೀದಿಯವನು ಇನ್ನೊಂದು ಬೀದಿಯ ಪಾರ್ಟಿಗೆ ಜೀವಭಯ ಇಲ್ಲದೆ ಹೋಗುವುದು ಮೊದಲಿಗಿಂತ ಸಲೀಸಾಯಿತು. ಇದು ಆಗದಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ.

ಮುಂದಿನದು ಅಂದರೆ 1973ರ ಆಗಸ್ಟ್ 11. ಸೆಜ್‌ವಿಕ್ ಅವೆನ್ಯೂ 1520ನೇ ನಂಬರಿನ ಅಪಾರ್ಟ್‌ಮೆಂಟಿನ ಕೆಳಗಿನ ಹಾಲ್. ಸಿಂಡಿ ಕ್ಯಾಂಪ್‌ಬೆಲ್ ಅನ್ನುವ ಹುಡುಗಿಗೆ ಶಾಲೆ ಶುರುವಾಗುವ ಮುಂಚೆ ಹೊಸ ಬಟ್ಟೆ ಬೇಕಿತ್ತು, ದುಡ್ಡು ಹೊಂದಿಸಲು ಪಾರ್ಟಿ ಇಟ್ಟಳು. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50. ಹಾಡು ಹಾಕಿದವನು ಅವಳ ಅಣ್ಣ ಕ್ಲೈವ್, ಜಮೈಕಾದಿಂದ ಬಂದ ಹದಿನೆಂಟರ ಹುಡುಗ. ಆಮೇಲೆ ಇಡೀ ಜಗತ್ತಿಗೆ ಡಿಜೆ ಕೂಲ್ ಹರ್ಕ್ ಅಂತ ಗೊತ್ತಾದವನು. ಅವನು ಗಮನಿಸಿದ್ದು ಇಷ್ಟೇ: ಹಾಡು ನಿಂತು ಬರೀ ಡ್ರಮ್ ಉಳಿಯುವ ಆ ಕೆಲವೇ ಸೆಕೆಂಡಿಗಾಗಿ, ಅಂದರೆ ‘ಬ್ರೇಕ್’ ಬರಲಿ ಅಂತ, ಕೆಲವರು ಕಾದು ನಿಂತಿರುತ್ತಾರೆ. ಅವರಿಗಾಗಿ ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು, ಒಂದರಲ್ಲಿ ಬ್ರೇಕ್ ಮುಗಿಯುವಷ್ಟರಲ್ಲಿ ಇನ್ನೊಂದರಲ್ಲಿ ಅದನ್ನೇ ಶುರು ಮಾಡಿ, ಹೀಗೆ ಎಳೆದು ಎಳೆದು ನಿಮಿಷಗಟ್ಟಲೆ ಮಾಡಿಬಿಟ್ಟ. ಕುಣಿಯುವವರಿಗೆ ಬೇಕಾದದ್ದೇನು ಅನ್ನುವುದು ಸಂಗೀತವನ್ನೇ ಬದಲಾಯಿಸಿತು, ಗಮನಿಸಿ. ಬ್ರೇಕ್‌ಗೆ ಕುಣಿಯುವವರು ಬಿ-ಬಾಯ್, ಬಿ-ಗರ್ಲ್ ಆದರು.

ಇನ್ನು ನನಗೆ ತುಂಬ ಮುಖ್ಯ ಅನಿಸುವ ಘಟ್ಟ. ಎಪ್ಪತ್ತರ ದಶಕದ ಕೊನೆಗೆ ಬರುವಷ್ಟರಲ್ಲಿ ಈ ಕುಣಿತ ಹೆಚ್ಚುಕಮ್ಮಿ ಸತ್ತೇ ಹೋಗುವುದರಲ್ಲಿತ್ತು. ಮೊದಲು ಕುಣಿದ ಆಫ್ರಿಕನ್ ಅಮೆರಿಕನ್ ಹುಡುಗರು ದೊಡ್ಡವರಾದರು. ಹುಡುಗಿಯರ ಮುಂದೆ ಮಿಂಚಬೇಕಾದ ವಯಸ್ಸಿನಲ್ಲಿ ಒಳ್ಳೆ ಪ್ಯಾಂಟು ಹಾಕಿಕೊಂಡು ನೆಲದ ಮೇಲೆ ಯಾರು ಉರುಳುತ್ತಾರೆ? ಅವರಿಗೆ ಅದು ಹಳೇ ಫ್ಯಾಷನ್. ಅವರು ಬಿಟ್ಟದ್ದನ್ನು ಎತ್ತಿಕೊಂಡವರು ಅವರಿಗಿಂತ ಚಿಕ್ಕವರು, ಬಹುತೇಕ ಪೋರ್ಟೊರಿಕೊ ಮೂಲದ ಮನೆಗಳ ಹುಡುಗರು. 1977ರಲ್ಲಿ ಜಿಮ್ಮಿ ಡಿ ಮತ್ತು ಜೋಜೋ ಅನ್ನುವವರು ರಾಕ್ ಸ್ಟೆಡಿ ಕ್ರೂ ಅನ್ನುವ ಕುಣಿತದ ತಂಡ ಕಟ್ಟಿದರು. ಮುಂದೆ ಅದನ್ನು ಮತ್ತೆ ಎಬ್ಬಿಸಿ ನಿಲ್ಲಿಸಿದ ಕ್ರೇಜಿ ಲೆಗ್ಸ್, ಅಂದರೆ ರಿಚರ್ಡ್ ಕೊಲೊನ್, ಹುಟ್ಟಿದ್ದು 1966ರಲ್ಲಿ. ಲೆಕ್ಕ ಹಾಕಿ, ಶುರು ಮಾಡಿದಾಗ ಇನ್ನೂ ಚಿಕ್ಕ ಹುಡುಗ. ನನ್ನ ಅನಿಸಿಕೆ ಏನೆಂದರೆ, ಕುಣಿತ ನಿಂತಲ್ಲಿಂದ ನೆಲಕ್ಕೆ ಅಷ್ಟೊಂದು ಇಳಿದದ್ದೇ ಈ ಚಿಕ್ಕವರ ಕೈಗೆ ಸಿಕ್ಕಿದ್ದರಿಂದ. ಹಗುರ ಮೈ, ಕ್ಲಬ್ಬಿಗೆ ಪ್ರವೇಶ ಇಲ್ಲ, ಬಟ್ಟೆ ಕೊಳೆಯಾದರೆ ನಾಚಿಕೆಯೂ ಇಲ್ಲ. ರಟ್ಟಿನ ಡಬ್ಬ ಬಿಚ್ಚಿ ಹಾಸಿಕೊಂಡು ಬೆನ್ನ ಮೇಲೆ ಬುಗುರಿ ಥರ ಸುತ್ತುತ್ತಿದ್ದರು. ಆ ಸುತ್ತು ಒಮ್ಮೆ ಜಾಸ್ತಿಯಾಗಿ ಮೈ ಹಾಗೇ ಮಗುಚಿಕೊಂಡು ಹೋದಾಗ ಹುಟ್ಟಿದ್ದು ವಿಂಡ್‌ಮಿಲ್ ಅಂತ ಕ್ರೇಜಿ ಲೆಗ್ಸ್ ಹೇಳಿಕೊಂಡಿದ್ದಾರೆ. ಇವತ್ತು ಬ್ರೇಕಿಂಗ್ ಕಲಿಯುವವರಿಗೆಲ್ಲ ಗೊತ್ತಿರುವ ವರಸೆ ಅದು.

ಕ್ರೂ ಅನ್ನುವುದು ಗ್ಯಾಂಗಿನ ಚೌಕಟ್ಟಿನಲ್ಲೇ ಬಂದದ್ದು. ಹೆಸರು, ಬೆನ್ನ ಮೇಲೆ ಅಕ್ಷರ ಅಂಟಿಸಿದ ಜಾಕೆಟ್ಟು, ನಮ್ಮ ಏರಿಯಾ ಅನ್ನುವ ಹಮ್ಮು, ಎದುರಾಳಿಯನ್ನು ಕೆಣಕುವುದು, ಎಲ್ಲ ಹಾಗೇ ಇದೆ. ಹೊಡೆತದ ಜಾಗದಲ್ಲಿ ಕುಣಿತ ಬಂದಿದೆ ಅಷ್ಟೆ. ಎದುರಾಳಿಗೆ ತಾಗದ ಹಾಗೆ ಹೊಡೆಯುವ ಅಭಿನಯ, ಮುಖಕ್ಕೆ ಮುಖ ಕೊಟ್ಟು ಅಣಕಿಸುವುದು, ಇವೆಲ್ಲ ಬ್ರೂಕ್ಲಿನ್ನಿನ ಅಪ್‌ರಾಕ್ ಅನ್ನುವ ಕುಣಿತದಲ್ಲಿ ಎದ್ದು ಕಾಣುತ್ತವೆ. ನೋಡಿದವರಿಗೆ ಇದು ಜಗಳವೋ ಕುಣಿತವೋ ಗೊತ್ತಾಗುತ್ತಿರಲಿಲ್ಲ. 1980ರ ಜನವರಿಯಲ್ಲಿ ವಾಷಿಂಗ್ಟನ್ ಹೈಟ್ಸ್‌ನ ಸಬ್‌ವೇ ನಿಲ್ದಾಣದಲ್ಲಿ ಗಲಾಟೆ ಅಂತ ಪೊಲೀಸರು ಒಂದಷ್ಟು ಹುಡುಗರನ್ನು ಹಿಡಿದರು. ಹುಡುಗರು, ನಾವು ಹೊಡೆದಾಡುತ್ತಿಲ್ಲ, ಕುಣಿಯುತ್ತಿದ್ದೇವೆ ಅಂದರು. ಹಾಗಾದರೆ ತೋರಿಸಿ ಅಂತ ಪೊಲೀಸರು ಒಂದೊಂದೇ ವರಸೆಯ ಹೆಸರು ಹೇಳಿದರು. ಹೆಡ್‌ಸ್ಪಿನ್ ಅಂದರೆ ತಲೆಯ ಮೇಲೆ ನಿಂತು ಸುತ್ತಿದರು, ಚಿನ್ ಫ್ರೀಜ್ ಅಂದರೆ ಗದ್ದ ಊರಿ ನಿಂತುಬಿಟ್ಟರು. ಗಲಾಟೆಯ ಫೋಟೊ ತೆಗೆಯಲು ಬಂದಿದ್ದ ಮಾರ್ಥಾ ಕೂಪರ್ ಇದನ್ನು ನೋಡಿ ಬೆನ್ನು ಹತ್ತಿದರು. ಅವರ ಜೊತೆ ಸೇರಿ ಸ್ಯಾಲಿ ಬೇನ್ಸ್ 1981ರ ಏಪ್ರಿಲ್‌ನಲ್ಲಿ ವಿಲೇಜ್ ವಾಯ್ಸ್ ಪತ್ರಿಕೆಗೆ ಬರೆದ ಮೇಲೆಯೇ ಊರಿನ ಉಳಿದವರಿಗೆ ಇಂಥದ್ದೊಂದು ಇದೆ ಅಂತ ತಿಳಿದದ್ದು. ಅಲ್ಲಿವರೆಗೂ ದೊಡ್ಡವರ ಕಣ್ಣಿಗೇ ಬಿದ್ದಿರಲಿಲ್ಲ, ಎಂಟು ವರ್ಷ!

ಇವರ ಮಧ್ಯೆ ಒಂದು ಕಟ್ಟುನಿಟ್ಟಾದ ಕಟ್ಟಳೆ ಇತ್ತು. ಇನ್ನೊಬ್ಬನ ವರಸೆ ಕದಿಯಬಾರದು. ಕದ್ದರೆ ಅದಕ್ಕೆ ಬೈಟಿಂಗ್ ಅನ್ನುತ್ತಿದ್ದರು, ಎಲ್ಲರ ಮುಂದೆ ಮಾನ ಹೋಗುತ್ತಿತ್ತು. ಹದಿಹರೆಯದಲ್ಲಿ ಮಾನ ಅಂದರೆ ಎಷ್ಟು ದೊಡ್ಡದು ಅಂತ ನಮಗೆಲ್ಲ ಗೊತ್ತು ಅಲ್ವಾ. ಹಾಗಾಗಿ ಯಾರೂ ಕಲಿತದ್ದರಲ್ಲೇ ನಿಲ್ಲುವ ಹಾಗಿರಲಿಲ್ಲ. ತಿರುಗಿಸಿ, ಮುರಿದು, ತನ್ನದೇ ಏನಾದರೂ ಸೇರಿಸಲೇಬೇಕು. ಕುಂಗ್‌ಫು ಸಿನಿಮಾ ನೋಡಿ ಬಂದು ಅದರ ಒದೆತವನ್ನೂ ಹಾಕಿಕೊಳ್ಳುತ್ತಿದ್ದರು. ಕೆಲವೇ ವರ್ಷದಲ್ಲಿ ಇಷ್ಟೊಂದು ವರಸೆ ಹುಟ್ಟಿದ್ದಕ್ಕೆ ನನಗೆ ಕಾಣುವ ಕಾರಣ ಇದೇ.

ಇದರಲ್ಲಿ ಹುಡುಗಿಯರ ಪಾಲು ಕಡಿಮೆಯಾಗಿತ್ತು, ಅದನ್ನು ಮುಚ್ಚಿಡಬೇಕಿಲ್ಲ. ಬೀದಿಯಲ್ಲಿ ಹೊತ್ತು ಕಳೆಯುವ ಸ್ವಾತಂತ್ರ್ಯ ಅಣ್ಣತಮ್ಮಂದಿರಿಗೆ ಇದ್ದಷ್ಟು ಅವರಿಗಿರಲಿಲ್ಲ. ರಾಕ್ ಸ್ಟೆಡಿಯಲ್ಲಿ ಬೇಬಿ ಲವ್ ಥರದವರು ಇದ್ದರು, ಆದರೆ ಬೆರಳೆಣಿಕೆ.

ಆಮೇಲಿನ ಕಥೆ ಬೇಗ ಹೇಳುತ್ತೇನೆ. 1981ರ ಆಗಸ್ಟ್‌ನಲ್ಲಿ ನ್ಯೂಯಾರ್ಕಿನ ಲಿಂಕನ್ ಸೆಂಟರ್ ಅನ್ನುವ ಕಲಾಕೇಂದ್ರದ ಬಯಲಿನಲ್ಲಿ ರಾಕ್ ಸ್ಟೆಡಿ ಮತ್ತು ಕ್ವೀನ್ಸ್‌ನ ಡೈನಾಮಿಕ್ ರಾಕರ್ಸ್ ನಡುವೆ ದೊಡ್ಡ ಪೈಪೋಟಿ. 1983ರ ‘ಫ್ಲ್ಯಾಶ್‌ಡ್ಯಾನ್ಸ್’ ಸಿನಿಮಾದಲ್ಲಿ ರಾಕ್ ಸ್ಟೆಡಿ ಹುಡುಗರು ಸ್ವಲ್ಪವೇ ಹೊತ್ತು ಕಾಣಿಸಿಕೊಂಡರು, ಅಷ್ಟಕ್ಕೇ ಊರೂರಿನ ಮಕ್ಕಳು ನೆಲಕ್ಕೆ ಬಿದ್ದರು. ಜಾಹೀರಾತಿನವರು ಮುಗಿಬಿದ್ದು ಬಳಸಿ, ಎಂಬತ್ತರ ದಶಕದ ನಡುವಿನ ಹೊತ್ತಿಗೆ ಅಮೆರಿಕದಲ್ಲಿ ಸಾಕು ಅನ್ನಿಸಿಬಿಟ್ಟರು. ಆಗ ಹಿಡಿದುಕೊಂಡವರು ಬೇರೆ ದೇಶದ ಹುಡುಗರು. ಜರ್ಮನಿಯಲ್ಲಿ 1990ರಲ್ಲಿ ಬ್ಯಾಟಲ್ ಆಫ್ ದಿ ಇಯರ್ ಅನ್ನುವ ಸ್ಪರ್ಧೆ ಶುರುವಾಯಿತು, ಫ್ರಾನ್ಸ್, ಜಪಾನ್, ಕೊರಿಯಾದ ಕ್ರೂಗಳು ಮೇಲೆದ್ದವು. ಮತ್ತೆ ಅದೇ ನೋಡಿ: ಒಬ್ಬರು ಹಳೇದು ಅಂತ ಬಿಟ್ಟದ್ದು ಇನ್ನೊಬ್ಬರಿಗೆ ಹೊಚ್ಚಹೊಸದು.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಇದು ಪದಕದ ಆಟವಾಯಿತು. ನಮ್ಮ ಫೋನಿಗೆ ಬಂದದ್ದು ಜನ ನಕ್ಕು ಹಂಚಿಕೊಂಡ, ಆಸ್ಟ್ರೇಲಿಯಾದ ಸ್ಪರ್ಧಿ ರೇಗನ್ (Raygun) ಅವರ ವಿಡಿಯೊ ಮಾತ್ರ, ಅದೇ ನನಗೆ ಬೇಜಾರು. ಜಪಾನಿನ ಆಮಿ ಮತ್ತು ಲಿಥುವೇನಿಯಾದ 17 ವರ್ಷದ ನಿಕಾ ಆಡಿದ ಫೈನಲ್ ಸಿಕ್ಕರೆ ದಯವಿಟ್ಟು ನೋಡಿ. ಹೆಂಗಸರಿಗೂ ಗಂಡಸರಿಗೂ ಸಮಾನ ಜಾಗ ಇತ್ತು. ಡಿಜೆ ಯಾವ ಹಾಡು ಹಾಕುತ್ತಾರೆ ಅಂತ ಕುಣಿಯುವವರಿಗೆ ಮೊದಲೇ ಗೊತ್ತಿರಲಿಲ್ಲ, ಕಿವಿಗೆ ಬಿದ್ದದ್ದಕ್ಕೆ ಮೈ ಕೊಡಬೇಕು. ತೀರ್ಪುಗಾರರು ಐದು ವಿಷಯ ನೋಡಿದರು, ಐದಕ್ಕೂ ಸಮಪಾಲು. ಅದರಲ್ಲಿ ಒಂದು ಸ್ವಂತಿಕೆ. ಕದಿಯಬಾರದು ಅಂತ ಬ್ರಾಂಕ್ಸ್ ಮಕ್ಕಳು ರಟ್ಟಿನ ಸುತ್ತ ನಿಂತು ಮಾಡಿಕೊಂಡಿದ್ದ ಕಟ್ಟಳೆಗೆ ಒಲಿಂಪಿಕ್ಸ್‌ನಲ್ಲಿ ನೂರಕ್ಕೆ 20ರ ಪಾಲು ಸಿಕ್ಕಿತು. 2028ರ ಲಾಸ್ ಏಂಜಲೀಸ್ ಪಟ್ಟಿಯಲ್ಲಿ ಬ್ರೇಕಿಂಗ್ ಇಲ್ಲ, ಆದರೆ ಕ್ರೂಗಳು ಪದಕ ನಂಬಿಕೊಂಡು ಹುಟ್ಟಿದವಲ್ಲವಲ್ಲ.

ಪ್ರಶ್ನೆಗಳಿದ್ದರೆ ಈಗ ಕೇಳಿ. ಇಲ್ಲಿ ಕುಣಿಯುವವರು ಯಾರಾದರೂ ಇದ್ದರೆ ಮೊದಲು ಅವರೇ ಮಾತಾಡಲಿ.